ಕಾಲಾಳಿನ ಬೆಲೆ: ಚದುರಂಗದ ಯಂತ್ರಗಳು ಕಲಿತ ಪಾಠದ ಇತಿಹಾಸ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದ ಹಿರಿಯರು ಕೇಳಿದರು. ರಾಜ ಮಹಾರಾಜರ ಇತಿಹಾಸವನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮ ಶಾಲೆಯಲ್ಲಿ ಓದಿ ಹೋದವರಲ್ಲಿ ಬಹಳ ಮಂದಿ ಇದ್ದಾರೆ. ನಾನು ಓದಿದ್ದು ಬಿ.ಇ., ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್ ಕೆಲಸ. ಆದ್ದರಿಂದ ರಾಜನನ್ನು ಬಿಟ್ಟು ಕಾಲಾಳಿನ ಇತಿಹಾಸ ಬರೆಯುತ್ತಿದ್ದೇನೆ. ಚದುರಂಗದ ಮಣೆಯ ಮೇಲಿನ ಅತಿ ಸಣ್ಣ ಕಾಯಿಗೆ ಬೆಲೆ ಕಟ್ಟುವುದನ್ನು ಯಂತ್ರಗಳಿಗೆ ಕಲಿಸಲು ಮನುಷ್ಯರು ಎಪ್ಪತ್ತು ವರ್ಷ ಏನೇನು ಮಾಡಿದರು, ಕೊನೆಗೆ ಏನಾಯಿತು ಎಂಬುದೇ ಈ ಲೇಖನದ ವಿಷಯ. ಮಾರ್ಚ್-ಏಪ್ರಿಲ್ ಬಂತೆಂದರೆ ನಮ್ಮ ಮೇಷ್ಟ್ರುಗಳು ಮೌಲ್ಯಮಾಪನಕ್ಕೆ ಹೋಗುತ್ತಾರಲ್ಲವೆ, ಇದೂ ಒಂದು ಬಗೆಯ ಮೌಲ್ಯಮಾಪನದ ಕಥೆಯೇ.

ಹಿಂದಿರುಗದ ಕಾಯಿ

ಆನೆ, ಕುದುರೆ, ರಥ, ಪದಾತಿ ಎಂಬ ನಾಲ್ಕು ಅಂಗಗಳ ಸೈನ್ಯದಿಂದ ಚತುರಂಗ ಎಂಬ ಹೆಸರು ಬಂತು. ಅದರಲ್ಲಿ ಪದಾತಿ, ಅಂದರೆ ಕಾಲಾಳು, ಉಳಿದ ಎಲ್ಲ ಕಾಯಿಗಳಿಗಿಂತ ಒಂದು ವಿಷಯದಲ್ಲಿ ಬೇರೆ. ಅದು ಹಿಂದಕ್ಕೆ ಬರುವಂತಿಲ್ಲ. ಆನೆಯನ್ನೋ ಕುದುರೆಯನ್ನೋ ತಪ್ಪು ಮನೆಗೆ ನಡೆಸಿದರೆ ವಾಪಸು ಕರೆದುಕೊಳ್ಳಬಹುದು. ಕಾಲಾಳನ್ನು ನಡೆಸಿದರೆ ನಡೆಸಿದ ಹಾಗೆಯೇ. ಆದರೆ ಕೊನೆಯ ಸಾಲು ಮುಟ್ಟಿದರೆ ಅದೇ ರಾಣಿಯಾಗುತ್ತದೆ. ನಮ್ಮ ಹಿರಿಯರ ಮಾತಿನಲ್ಲಿ ಮಂತ್ರಿಯಾಗುತ್ತದೆ.

ಆಟದ ನಡುವೆ ಮಣೆಯ ತುಂಬ ಕಾಯಿಗಳಿರುವಾಗ ಈ ಆಸೆ ದೂರದ್ದು. ಕಾಯಿಗಳು ಒಂದೊಂದಾಗಿ ಹೋಗಿ ರಾಜರೂ ಕೆಲವು ಕಾಲಾಳುಗಳೂ ಉಳಿದ ಕೊನೆಯ ಹಂತದಲ್ಲಿ ಅದೇ ಮುಖ್ಯ ವಿಷಯ. ಅಷ್ಟು ಹೊತ್ತು ಮೂಲೆಯಲ್ಲಿ ಅಡಗಿದ್ದ ರಾಜನೇ ಆಗ ಹೊರಗೆ ಬಂದು ದುಡಿಯಬೇಕಾಗುತ್ತದೆ. ಯಾರ ಕಾಲಾಳು ಮೊದಲು ದಡ ಸೇರುತ್ತದೆ ಎಂಬುದರ ಮೇಲೆ ಗೆಲುವು ಸೋಲು.

1749ರಲ್ಲಿ ಫ್ರಾನ್ಸಿನ ಫಿಲಿಡೋರ್ ಎಂಬ ಆಟಗಾರ ಚದುರಂಗದ ಬಗ್ಗೆ ಬರೆದ ಪುಸ್ತಕದಲ್ಲಿ, ಈ ಆಟದ ಜೀವವೇ ಕಾಲಾಳುಗಳಲ್ಲಿದೆ ಎಂಬ ವಿಚಾರವನ್ನು ಮುಂದಿಟ್ಟ. ಆತ ಸಂಗೀತಗಾರನೂ ಹೌದು. ಅವನ ನಂತರದ ಆಟಗಾರರು ಕಾಲಾಳುಗಳ ಜೋಡಣೆಗೆ ಹೆಸರುಗಳನ್ನು ಕೊಟ್ಟು ಅಭ್ಯಾಸ ಮಾಡಿದರು. ಅಕ್ಕಪಕ್ಕದ ಸಾಲುಗಳಲ್ಲಿ ತನ್ನವರಿಲ್ಲದ ಕಾಲಾಳು ಒಂಟಿ. ಒಂದೇ ಕಂಬಸಾಲಿನಲ್ಲಿ ಒಂದರ ಹಿಂದೆ ಒಂದು ನಿಂತವು ಜೋಡಿ. ಜೋಡಿ ಎಂದರೆ ಇಲ್ಲಿ ಬಲವಲ್ಲ, ಮುಂದಿನದು ಹಿಂದಿನದಕ್ಕೆ ಅಡ್ಡ. ಪಕ್ಕದವರು ಮುಂದೆ ಹೋಗಿ, ತಾನು ಮುಂದಿಡಲಾಗದೆ ನಿಂತದ್ದು ಹಿಂದುಳಿದ ಕಾಲಾಳು. ತನ್ನ ಸಾಲಿನಲ್ಲಾಗಲಿ ಪಕ್ಕದ ಎರಡು ಸಾಲುಗಳಲ್ಲಾಗಲಿ ಮುಂದೆ ಎದುರಾಳಿಯ ಕಾಲಾಳೇ ಇಲ್ಲದಿದ್ದರೆ ಅದು ದಾರಿ ತೆರೆದ ಕಾಲಾಳು. ಇಂಗ್ಲಿಷಿನವರು ಪಾಸ್ಡ್ ಪಾನ್ ಎನ್ನುತ್ತಾರೆ. ಕೊನೆಯ ಹಂತದಲ್ಲಿ ಎಲ್ಲರ ಕಣ್ಣೂ ಇದರ ಮೇಲೆ.

ಮನುಷ್ಯ ಈ ಹೆಸರುಗಳನ್ನು ಕೇಳಿ, ನೂರಾರು ಆಟ ಆಡಿ, ಕಣ್ಣಳತೆಯಲ್ಲಿ ಬೆಲೆ ಕಟ್ಟಲು ಕಲಿಯುತ್ತಾನೆ. ಯಂತ್ರಕ್ಕೆ ಕಣ್ಣಳತೆ ಇಲ್ಲ, ಸಂಖ್ಯೆ ಮಾತ್ರ ಗೊತ್ತು. ಈ ಹೆಸರುಗಳನ್ನೆಲ್ಲ ಸಂಖ್ಯೆ ಮಾಡುವುದು ಹೇಗೆ?

ಮೊದಲ ಅಂಕಗಳು

ಸ್ಪೇನಿನ ಎಂಜಿನಿಯರ್ ತೋರೆಸ್ ಕೆವೆದೊ 1912ರ ಹೊತ್ತಿಗೆ ಕಟ್ಟಿ, 1914ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ ವಿದ್ಯುತ್ ಯಂತ್ರವೊಂದು ರಾಜ ಮತ್ತು ಆನೆಯಿಂದ ಎದುರಾಳಿಯ ಒಂಟಿ ರಾಜನನ್ನು ತಾನಾಗಿಯೇ ಕಟ್ಟಿಹಾಕುತ್ತಿತ್ತು. ಅದಕ್ಕೆ ಮೌಲ್ಯಮಾಪನ ಬೇಕಿರಲಿಲ್ಲ, 'ಹೀಗಿದ್ದರೆ ಹೀಗೆ ಮಾಡು' ಎಂಬ ಕೆಲವು ನಿಯಮಗಳೇ ಸಾಕಾಗಿದ್ದವು. ಕಾಲಾಳು ಮಣೆಯ ಮೇಲಿದ್ದರೆ ಅಷ್ಟು ಸುಲಭವಿಲ್ಲ.

ಬ್ರಿಟನ್ನಿನ ಅಲನ್ ಟ್ಯೂರಿಂಗ್ 1948ರಲ್ಲಿ ಗೆಳೆಯ ಚಾಂಪರ್‌ನೌನ್ ಜೊತೆ ಸೇರಿ ಚದುರಂಗದ ವಿಧಾನವೊಂದನ್ನು ಕಾಗದದ ಮೇಲೆ ಬರೆದರು. ಅದನ್ನು ನಡೆಸಬಲ್ಲ ಕಂಪ್ಯೂಟರ್ ಕೈಗೆ ಸಿಗದ ಕಾರಣ 1952ರಲ್ಲಿ ಟ್ಯೂರಿಂಗ್ ತಾವೇ ಯಂತ್ರದಂತೆ ಕೂತು, ಪ್ರತಿ ನಡೆಗೂ ಕಾಗದದ ಮೇಲೆ ಲೆಕ್ಕ ಹಾಕಿ, ಅಲಿಕ್ ಗ್ಲೆನಿ ಎಂಬುವರ ಎದುರು ಒಂದು ಆಟ ಆಡಿ ಸೋತರು. ಆ ವಿಧಾನದಲ್ಲಿ ಕಾಲಾಳಿಗೆ ಎರಡು ಅಂಕಗಳಿದ್ದವು. ಮುಂದೆ ಹೋದ ಪ್ರತಿ ಸಾಲಿಗೆ 0.2, ಕಾಲಾಳಲ್ಲದ ಬೇರೊಂದು ಕಾಯಿಯ ರಕ್ಷಣೆಯಿದ್ದರೆ 0.3. ಮುಂದೆ ಹೋದಷ್ಟೂ ಒಳ್ಳೆಯದು ಎಂಬ ಈ ನಂಬಿಕೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಲೇಖನದ ಕೊನೆಯಲ್ಲಿ ಅದನ್ನು ಪರೀಕ್ಷಿಸೋಣ.

ಅದೇ ಕಾಲದಲ್ಲಿ, 1950ರಲ್ಲಿ, ಅಮೆರಿಕದ ಕ್ಲಾಡ್ ಶಾನನ್ ಚದುರಂಗದ ಪ್ರೋಗ್ರಾಂ ಬರೆಯುವುದು ಹೇಗೆಂಬ ಪ್ರಬಂಧ ಪ್ರಕಟಿಸಿದರು. ಅವರ ಸೂತ್ರವನ್ನು ಹತ್ತನೇ ತರಗತಿಯ ವಿದ್ಯಾರ್ಥಿಯೂ ಓದಬಲ್ಲ. ರಾಜನಿಗೆ 200, ರಾಣಿಗೆ 9, ಆನೆಗೆ 5, ಒಂಟೆಗೂ ಕುದುರೆಗೂ 3, ಕಾಲಾಳಿಗೆ 1. ನಮ್ಮ ಮೊತ್ತದಿಂದ ಎದುರಾಳಿಯ ಮೊತ್ತ ಕಳೆಯಬೇಕು. ಆಮೇಲೆ ಜೋಡಿಯಾದ, ಹಿಂದುಳಿದ, ಒಂಟಿಯಾದ ಪ್ರತಿ ಕಾಲಾಳಿಗೂ ಅರ್ಧ ಅಂಕ ಕಡಿತ. ನಡೆಯಲು ಸಿಗುವ ಪ್ರತಿ ದಾರಿಗೆ 0.1 ಸೇರ್ಪಡೆ. ಫಿಲಿಡೋರನ ಕಾಲದಿಂದ ಬಂದ ತಿಳಿವಳಿಕೆ ಒಂದೇ ಸಾಲಿನ ಬೀಜಗಣಿತವಾಯಿತು. ಮುಂದಿನ ಎಪ್ಪತ್ತು ವರ್ಷಗಳ ಪ್ರೋಗ್ರಾಂಗಳಲ್ಲಿ ಹೆಚ್ಚಿನವು ಈ ಸಾಲಿನ ಮೊಮ್ಮಕ್ಕಳು.

ಆದರೆ ಅರ್ಧ ಅಂಕ ಎಂಬುದು ಆಟದ ಕೊನೆಯಲ್ಲಿ ಕೆಲಸಕ್ಕೆ ಬಾರದ ಲೆಕ್ಕ. ಒಂಟಿ ಕಾಲಾಳು ದುರ್ಬಲ ನಿಜ. ಆದರೆ ಎದುರಾಳಿಯ ರಾಜ ದೂರದಲ್ಲಿದ್ದರೆ ಅದೇ ಒಂಟಿ ಕಾಲಾಳು ಓಡಿಹೋಗಿ ರಾಣಿಯಾಗುತ್ತದೆ. ಆಗ ಅದರ ಬೆಲೆ ಅರ್ಧವೂ ಅಲ್ಲ, ಒಂದೂ ಅಲ್ಲ, ಒಂಬತ್ತು.

ಚೌಕದ ನಿಯಮ ಮತ್ತು ರೇಟಿಯ ಸಮಸ್ಯೆ

ರಾಜ ಓಡುವ ಕಾಲಾಳನ್ನು ಹಿಡಿಯುತ್ತಾನೋ ಇಲ್ಲವೋ ತಿಳಿಯಲು ಆಟಗಾರರು ಹಿಂದಿನಿಂದಲೂ ಬಳಸುವ ಉಪಾಯವೊಂದಿದೆ. ಬಿಳಿ ಕಾಲಾಳು ಎ4ರಲ್ಲಿದೆ ಎನ್ನೋಣ. ಅದು ಎ8 ಮುಟ್ಟಲು ನಾಲ್ಕು ನಡೆ ಬೇಕು. ಎ4, ಎ8, ಇ8, ಇ4 ಈ ನಾಲ್ಕು ಮನೆಗಳನ್ನು ಮೂಲೆಯಾಗಿಟ್ಟುಕೊಂಡು ಮನಸ್ಸಿನಲ್ಲೇ ಒಂದು ಚೌಕ ಎಳೆಯಿರಿ. ನಡೆ ಕಪ್ಪಿನದಾಗಿದ್ದು ಕಪ್ಪು ರಾಜ ಆ ಚೌಕದೊಳಗಿದ್ದರೆ ಹಿಡಿಯುತ್ತಾನೆ, ಹೊರಗಿದ್ದರೆ ಇಲ್ಲ. ಆರಂಭದ ಪ್ರೋಗ್ರಾಂಗಳು ನಾಲ್ಕೈದು ನಡೆಗಿಂತ ಮುಂದೆ ನೋಡಲಾರದೆ ಇದ್ದವು. ಅಂಥ ಯಂತ್ರಕ್ಕೆ ಈ ನಿಯಮ ದುರ್ಬೀನು ಕೊಟ್ಟ ಹಾಗೆ. ಎರಡು ವ್ಯವಕಲನ, ಒಂದು ಹೋಲಿಕೆ, ಅಷ್ಟರಲ್ಲಿ ಹತ್ತು ನಡೆ ಆಚೆಯ ಫಲಿತಾಂಶ ಸಿಗುತ್ತದೆ.

ನಿಯಮ ಬರೆದು ಕೈತೊಳೆದುಕೊಳ್ಳಲು ಮಾತ್ರ ಆಗುವುದಿಲ್ಲ. 1921ರಲ್ಲಿ ರಿಚರ್ಡ್ ರೇಟಿ ರಚಿಸಿದ ಸಮಸ್ಯೆಯನ್ನು ಮಣೆಯ ಮೇಲೆ ಇಟ್ಟು ನೋಡಿ. ಬಿಳಿ ರಾಜ ಎಚ್8, ಬಿಳಿ ಕಾಲಾಳು ಸಿ6. ಕಪ್ಪು ರಾಜ ಎ6, ಕಪ್ಪು ಕಾಲಾಳು ಎಚ್5. ನಡೆ ಬಿಳಿಯದು. ಕಪ್ಪು ಕಾಲಾಳಿಗೆ ಇನ್ನು ನಾಲ್ಕೇ ನಡೆ, ಬಿಳಿ ರಾಜ ಅದರ ಚೌಕದಿಂದ ಬಹಳ ಹೊರಗಿದ್ದಾನೆ. ತನ್ನ ಕಾಲಾಳನ್ನಾದರೂ ಉಳಿಸಿಕೊಳ್ಳೋಣವೆಂದರೆ ಕಪ್ಪು ರಾಜ ಅದರ ಪಕ್ಕದಲ್ಲೇ ಇದ್ದಾನೆ. ಚೌಕದ ನಿಯಮದ ಪ್ರಕಾರ ಬಿಳಿಗೆ ಸೋಲೇ ಗತಿ.

ಆದರೂ ಬಿಳಿ ಸೋಲುವುದಿಲ್ಲ. ರಾಜ ಜಿ7ಕ್ಕೆ ಬರುತ್ತಾನೆ, ಕಾಲಾಳು ಎಚ್4ಕ್ಕೆ ಹೋಗುತ್ತದೆ; ರಾಜ ಎಫ್6ಕ್ಕೆ ಬರುತ್ತಾನೆ. ಈಗ ಅವನು ಓರೆಯಾಗಿ ಇಳಿಯುತ್ತಾ ಎರಡು ಕೆಲಸವನ್ನು ಒಟ್ಟಿಗೆ ಮಾಡುತ್ತಿದ್ದಾನೆ: ಕಪ್ಪು ಕಾಲಾಳಿಗೂ ಹತ್ತಿರ, ತನ್ನ ಕಾಲಾಳಿಗೂ ಹತ್ತಿರ. ಕಪ್ಪು ರಾಜ ಬಿ6ಕ್ಕೆ ಬಂದರೆ ಬಿಳಿ ರಾಜ ಇ5ಕ್ಕೆ. ಅಲ್ಲಿಂದ ಕಪ್ಪು ರಾಜ ಸಿ6ರ ಕಾಲಾಳನ್ನು ಹೊಡೆದರೆ ಬಿಳಿ ರಾಜ ಎಫ್4ಕ್ಕೆ ಬಂದು ಎದುರಾಳಿಯ ಕಾಲಾಳನ್ನು ಹಿಡಿಯುತ್ತಾನೆ. ಹೊಡೆಯದೆ ಕಾಲಾಳನ್ನು ಓಡಿಸಿದರೆ ಬಿಳಿ ರಾಜ ಡಿ6ಕ್ಕೆ ಹೋಗಿ ತನ್ನ ಕಾಲಾಳನ್ನೂ ರಾಣಿ ಮಾಡಿಸಿಕೊಳ್ಳುತ್ತಾನೆ. ಎರಡು ದಾರಿಯಲ್ಲೂ ಆಟ ಸಮ. ಚದುರಂಗದ ಮಣೆಯಲ್ಲಿ ಓರೆ ದಾರಿ ನೇರ ದಾರಿಗಿಂತ ಉದ್ದವಲ್ಲ. ನಮ್ಮ ಗಣಿತ ಮೇಷ್ಟ್ರು ಕಲಿಸಿದ ಪೈಥಾಗೊರಸ್ ಪ್ರಮೇಯ ರಾಜನ ನಡಿಗೆಗೆ ಅನ್ವಯಿಸುವುದಿಲ್ಲ.

ಇಲ್ಲಿಂದ ಪ್ರೋಗ್ರಾಂ ಬರೆಯುವವರಿಗೆ ಒಂದು ಮಾತು ಮನದಟ್ಟಾಯಿತು. ನಿಂತ ಸ್ಥಿತಿ ನೋಡಿ ಬೆಲೆ ಕಟ್ಟುವ ನಿಯಮವೂ ಬೇಕು, ನಡೆಗಳನ್ನು ಮುಂದೆ ಆಡಿ ನೋಡುವ ಹುಡುಕಾಟವೂ ಬೇಕು.

ನೆನಪು ಇಟ್ಟುಕೊಳ್ಳುವ ಯಂತ್ರ

ಹುಡುಕಾಟಕ್ಕೂ ದೊಡ್ಡ ಪರೀಕ್ಷೆಯೊಂದಿತ್ತು. ಲಾಸ್ಕರ್ ಮತ್ತು ರೈಕ್‌ಹೆಲ್ಮ್ 1901ರಲ್ಲಿ ಅಭ್ಯಾಸ ಮಾಡಿದ ಸ್ಥಿತಿ ಅದು. ರೂಬೆನ್ ಫೈನ್ 1941ರ ತಮ್ಮ ಪುಸ್ತಕದಲ್ಲಿ ಅದನ್ನು 70ನೇ ಚಿತ್ರವಾಗಿ ಕೊಟ್ಟರು. ಬಿಳಿ ರಾಜ ಎ1, ಕಾಲಾಳುಗಳು ಎ4, ಡಿ4, ಡಿ5, ಎಫ್4. ಕಪ್ಪು ರಾಜ ಎ7, ಕಾಲಾಳುಗಳು ಎ5, ಡಿ6, ಎಫ್5. ಕಾಲಾಳುಗಳೆಲ್ಲ ಒಂದಕ್ಕೊಂದು ಅಡ್ಡ ನಿಂತು ಸಿಕ್ಕಿಕೊಂಡಿವೆ, ನಡೆಯಬಲ್ಲವರು ರಾಜರಿಬ್ಬರೇ. ಗೆಲ್ಲುವ ನಡೆ ಒಂದೇ: ರಾಜ ಎ1ರಿಂದ ಬಿ1ಕ್ಕೆ. ಮುಂದೆ ಹೋಗುವ ಬದಲು ಪಕ್ಕಕ್ಕೆ ಸರಿಯಬೇಕು. ಫಲ ಕಾಣುವುದು ಎಷ್ಟೋ ನಡೆಗಳ ನಂತರ.

ನಡೆಗಳ ಕವಲುಗಳನ್ನು ಒಂದೊಂದಾಗಿ ಎಣಿಸುವ ಯಂತ್ರಕ್ಕೆ ಇದು ಮುಗಿಯದ ಕೆಲಸ. ರಾಜ ಸುತ್ತಿ ಬಳಸಿ ಅದೇ ಮನೆಗೆ ಬೇರೆ ಬೇರೆ ದಾರಿಯಿಂದ ಬರುತ್ತಾನೆ, ಯಂತ್ರ ಪ್ರತಿ ಸಲ ಹೊಸದೆಂದು ಮತ್ತೆ ಲೆಕ್ಕ ಮಾಡುತ್ತದೆ. ನಿಜವಾಗಿ ಇಲ್ಲಿರುವ ಸ್ಥಿತಿಗಳೆಷ್ಟು? ಕಾಲಾಳನ್ನು ಹೊಡೆಯುವ ತನಕ ಬಿಳಿ ರಾಜನಿಗೆ ಹೆಚ್ಚೆಂದರೆ 64 ಮನೆ, ಕಪ್ಪು ರಾಜನಿಗೆ 64, ನಡೆ ಯಾರದೆಂಬುದಕ್ಕೆ 2. ಗುಣಿಸಿದರೆ 8,192. ಒಮ್ಮೆ ನೋಡಿದ್ದನ್ನು ಬರೆದಿಟ್ಟುಕೊಂಡರೆ ಬೆಟ್ಟದಂಥ ಕೆಲಸ ಗುಡ್ಡೆಯಷ್ಟಾಗುತ್ತದೆ.

ಬರೆದಿಟ್ಟುಕೊಳ್ಳುವ ಈ ಪಟ್ಟಿಯನ್ನು ಎಂಐಟಿಯ ರಿಚರ್ಡ್ ಗ್ರೀನ್‌ಬ್ಲಾಟ್ 1967ರ ಹೊತ್ತಿಗೆ ತಮ್ಮ ಪ್ರೋಗ್ರಾಂನಲ್ಲಿ ಬಳಸಿದ್ದರು. 1970ರಲ್ಲಿ ಆಲ್ಬರ್ಟ್ ಜೋಬ್ರಿಸ್ಟ್ ಪ್ರತಿ ಸ್ಥಿತಿಗೂ ಒಂದು ಹೆಬ್ಬೆಟ್ಟಿನ ಗುರುತು ಕೊಡುವ ಚುರುಕಾದ ವಿಧಾನ ತೋರಿಸಿದರು: ಪ್ರತಿ ಕಾಯಿಗೆ ಪ್ರತಿ ಮನೆಯಲ್ಲೂ ಒಂದು ಯಾದೃಚ್ಛಿಕ ಸಂಖ್ಯೆ, ಅವೆಲ್ಲ ಕೂಡಿದ್ದೇ ಸ್ಥಿತಿಯ ಗುರುತು. ಕಾಲಾಳುಗಳಿಗೆ ಇದು ಇನ್ನೂ ಹೆಚ್ಚು ಅನುಕೂಲವಾಯಿತು. ಉಳಿದ ಕಾಯಿಗಳು ನಡೆ ನಡೆಗೂ ಜಾಗ ಬದಲಿಸಿದರೂ ಕಾಲಾಳುಗಳ ಜೋಡಣೆ ಅಪರೂಪಕ್ಕೆ ಬದಲಾಗುತ್ತದೆ. ಆದ್ದರಿಂದ ಕಾಲಾಳುಗಳಿಗೇ ಬೇರೆ ಗುರುತು, ಬೇರೆ ಪಟ್ಟಿ ಇಟ್ಟುಕೊಂಡು, ಒಮ್ಮೆ ಕಟ್ಟಿದ ಬೆಲೆಯನ್ನು ಸಾವಿರಾರು ಸಲ ಓದಿಕೊಳ್ಳುವ ರೂಢಿ ಪ್ರೋಗ್ರಾಂಗಳಲ್ಲಿ ಬಂತು.

ಇನ್ನೊಂದು ಅನುಕೂಲ ಅದೃಷ್ಟದಿಂದ ಬಂದದ್ದು. ಮಣೆಯ ಮನೆಗಳು 64. ಕಂಪ್ಯೂಟರಿನ ಒಂದು ದೊಡ್ಡ ಪದದಲ್ಲಿ 64 ಬಿಟ್‌ಗಳು. ಕಾಲಾಳು ಇರುವ ಮನೆಗೆ 1, ಇಲ್ಲದ ಮನೆಗೆ 0 ಎಂದು ಬರೆದರೆ ಬಿಳಿ ಕಾಲಾಳುಗಳೆಲ್ಲ ಒಂದೇ ಸಂಖ್ಯೆಯಲ್ಲಿ ಕೂರುತ್ತವೆ. 1974ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಮೊದಲ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಷಿಪ್ ಗೆದ್ದ ಸೋವಿಯತ್ ಪ್ರೋಗ್ರಾಂ ಕೈಸಾದಲ್ಲಿ ಈ ತಂತ್ರವಿತ್ತು. ಅದರ ರಚನೆಯಲ್ಲಿದ್ದ ಅಡೆಲ್ಸನ್-ವೆಲ್ಸ್ಕಿ ಅವರ ಹೆಸರನ್ನು ಎಂಜಿನಿಯರಿಂಗ್ ಓದಿದವರು ಎವಿಎಲ್ ಟ್ರೀ ಪಾಠದಲ್ಲಿ ಕೇಳಿರುತ್ತಾರೆ. ಒಂದು ಕಾಲಾಳಿಗೆ ದಾರಿ ತೆರೆದಿದೆಯೇ ಎಂದು ತಿಳಿಯಲು ಅದರ ಮುಂದಿನ ಮೂರು ಸಾಲುಗಳ ಮನೆಗಳ ನಕ್ಷೆಯನ್ನೂ ಎದುರಾಳಿಯ ಕಾಲಾಳುಗಳ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟರಾಯಿತು. ಎಲ್ಲೂ 1ರ ಮೇಲೆ 1 ಬೀಳದಿದ್ದರೆ ದಾರಿ ತೆರೆದಿದೆ. ಕಂಪ್ಯೂಟರಿಗೆ ಇದು ಒಂದೇ ಒಂದು ಕ್ರಿಯೆ.

ಬರಿಯ ರಾಜ ಮತ್ತು ಕಾಲಾಳುಗಳ ಆಟಕ್ಕೆಂದೇ ಮೀಸಲಾದ ಪ್ರೋಗ್ರಾಂಗಳೂ ಬಂದವು. 1977ರಲ್ಲಿ ಮಾಂಟಿ ನ್ಯೂಬಾರ್ನ್ ವಿವರಿಸಿದ ಪ್ರೋಗ್ರಾಂನ ಹೆಸರು ಪೆಸೆಂಟ್, ಅಂದರೆ ರೈತ. ಜರ್ಮನ್ ಭಾಷೆಯಲ್ಲಿ ಕಾಲಾಳನ್ನು ಕರೆಯುವುದೂ ರೈತ ಎಂದೇ. ನಮ್ಮ ಸುತ್ತಮುತ್ತಲ ಊರಿನವರು ಈ ಹೆಸರನ್ನು ಮೆಚ್ಚಿಯಾರು. 1984ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹಾನ್ಸ್ ಬರ್ಲಿನರ್ ಮತ್ತು ಮರ್ರೆ ಕ್ಯಾಂಬೆಲ್ ಚಂಕರ್ ಎಂಬುದನ್ನು ವಿವರಿಸಿದರು. ಬರ್ಲಿನರ್ ಅಂಚೆಯ ಮೂಲಕ ಆಡುವ ಚದುರಂಗದ ಮಾಜಿ ವಿಶ್ವ ಚಾಂಪಿಯನ್. ಮನುಷ್ಯ ಮೂರು ಕಾಲಾಳುಗಳನ್ನು ಮೂರು ಕಾಯಿಗಳಾಗಿ ನೋಡುವುದಿಲ್ಲ, ಒಂದು ಗುಂಪಾಗಿ ನೋಡುತ್ತಾನೆ ಎಂಬುದು ಅವರ ತಿಳಿವಳಿಕೆ. ಹಾಗೆ ಗುಂಪುಗಳ ಗುಣಗಳನ್ನು ಮೊದಲೇ ಲೆಕ್ಕಮಾಡಿ ಇಟ್ಟುಕೊಂಡದ್ದರಿಂದ, ಎರಡೂ ಕಡೆ ರಾಜ ಮತ್ತು ಒತ್ತಾಗಿ ನಿಂತ ಮೂರು ಮೂರು ಕಾಲಾಳುಗಳಿರುವ ಕಠಿಣ ಸ್ಥಿತಿಗಳನ್ನು ಆ ಪ್ರೋಗ್ರಾಂ ಬಿಡಿಸುತ್ತಿತ್ತು. ಕ್ಯಾಂಬೆಲ್ ಮುಂದೆ ಐಬಿಎಂನ ಡೀಪ್ ಬ್ಲೂ ತಂಡ ಸೇರಿದರು.

ಕೊನೆಯಿಂದ ಹಿಂದಕ್ಕೆ

ಇದೇ ಹೊತ್ತಿಗೆ ಮತ್ತೊಂದು ದಾರಿಯೂ ತೆರೆಯಿತು. ಬೆಲೆಯನ್ನು ಅಂದಾಜು ಮಾಡುವುದೇಕೆ, ಉತ್ತರವನ್ನೇ ಬರೆದಿಟ್ಟರಾಗದೇ? ಆಟ ಮುಗಿದ ಸ್ಥಿತಿಗಳಿಂದ ಹೊರಟು ಒಂದೊಂದೇ ನಡೆ ಹಿಂದಕ್ಕೆ ಬರುತ್ತಾ ಪ್ರತಿ ಸ್ಥಿತಿಗೂ ಗೆಲುವು, ಸೋಲು, ಸಮ ಎಂದು ಗುರುತು ಹಾಕುವ ವಿಧಾನವಿದು. 1970ರಲ್ಲಿ ಜರ್ಮನಿಯ ಥಾಮಸ್ ಸ್ಟ್ರೋಲೈನ್ ಕೆಲವೇ ಕಾಯಿಗಳಿರುವ ಸ್ಥಿತಿಗಳಿಗೆ ಇದನ್ನು ಮಾಡಿದರು. ಯೂನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಅದನ್ನು ಬೆಳೆಸಿದರು.

ಇಲ್ಲಿ ಕಾಲಾಳು ಹಿಂದೆ ಬರುವುದಿಲ್ಲ ಎಂಬ ಗುಣವೇ ಉಪಕಾರಿ. ಮೊದಲು ಕಾಲಾಳು ರಾಣಿಯಾದ ಮೇಲಿನ ಸ್ಥಿತಿಗಳ ಪಟ್ಟಿ ಮುಗಿಸಬೇಕು. ಆಮೇಲೆ ಕಾಲಾಳು ಏಳನೇ ಸಾಲಿನಲ್ಲಿರುವ ಸ್ಥಿತಿಗಳು, ಆಮೇಲೆ ಆರನೇ ಸಾಲು, ಐದನೇ ಸಾಲು, ಹೀಗೆ ಮೆಟ್ಟಿಲಿಳಿದ ಹಾಗೆ. ರಾಜ, ಒಂದು ಕಾಲಾಳು, ಎದುರಿಗೆ ಒಂಟಿ ರಾಜ ಇಷ್ಟಕ್ಕೆ ಬೇಕಾದ ಜಾಗವನ್ನು ಈಗಿನ ವಿದ್ಯಾರ್ಥಿಗಳೇ ಲೆಕ್ಕ ಮಾಡಬಹುದು. ಮಣೆಯ ಎಡಭಾಗ ಬಲಭಾಗ ಕನ್ನಡಿಯಂತೆ ಒಂದೇ ಆದ್ದರಿಂದ ಕಾಲಾಳಿಗೆ 4 ಕಂಬಸಾಲು, 6 ಅಡ್ಡಸಾಲು, ಒಟ್ಟು 24 ಮನೆ ಸಾಕು. ರಾಜರಿಗೆ 64 ಮತ್ತು 64, ನಡೆ ಯಾರದೆಂಬುದಕ್ಕೆ 2. ಗುಣಲಬ್ಧ 1,96,608. ಒಂದಕ್ಕೆ ಒಂದು ಬಿಟ್ ಸಾಕು: ಗೆಲುವೋ ಅಲ್ಲವೋ. ಎಂಟರಿಂದ ಭಾಗಿಸಿದರೆ 24,576 ಬೈಟ್, ಅಂದರೆ 24 ಕಿಲೊಬೈಟ್. ಮೊಬೈಲಿನಲ್ಲಿ ನಾವು ಕಳಿಸುವ ಒಂದು ಶುಭೋದಯದ ಚಿತ್ರಕ್ಕೆ ಇದಕ್ಕಿಂತ ಹೆಚ್ಚು ಜಾಗ ಬೇಕು.

ಕಾಯಿ ಹೆಚ್ಚಿದಂತೆ ಪಟ್ಟಿ ಬೆಳೆಯುವ ಪರಿ ಬೇರೆಯೇ. ಒಟ್ಟು ಏಳು ಕಾಯಿಗಳ ಪಟ್ಟಿಯನ್ನು 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಲೊಮೊನೊಸೊವ್ ಸೂಪರ್‌ಕಂಪ್ಯೂಟರಿನಲ್ಲಿ ಮುಗಿಸಿದಾಗ ಅದಕ್ಕೆ ಸುಮಾರು 140 ಟೆರಾಬೈಟ್ ಜಾಗ ಬೇಕಾಯಿತು. ಎರಡೂ ಕಡೆ ಐದೈದು ಕಾಲಾಳುಗಳಿರುವ ಸಾಧಾರಣ ಆಟಕ್ಕೂ ಈ ಪಟ್ಟಿಯಲ್ಲಿ ಉತ್ತರವಿಲ್ಲ. ಅಂದಾಜು ಮಾಡುವ ಕೆಲಸ ಉಳಿದೇ ಉಳಿಯಿತು.

ಸಾವಿರಾರು ನಿಯಮಗಳ ಕಾಲ

1997ರಲ್ಲಿ ಗ್ಯಾರಿ ಕಾಸ್ಪರೋವ್ ಅವರನ್ನು ಮೂರೂವರೆ–ಎರಡೂವರೆ ಅಂಕಗಳಿಂದ ಸೋಲಿಸಿದ ಡೀಪ್ ಬ್ಲೂ ಯಂತ್ರದಲ್ಲಿ 480 ಚೆಸ್ ಚಿಪ್‌ಗಳಿದ್ದವು. ಸ್ಥಿತಿಯ ಬೆಲೆ ಕಟ್ಟಲು ಅದು ನೋಡುತ್ತಿದ್ದ ಅಂಶಗಳು ಎಂಟು ಸಾವಿರಕ್ಕೂ ಹೆಚ್ಚು. ಶಾನನ್ನರ ಒಂದು ಸಾಲು ಎಲ್ಲಿಗೆ ಬಂತು ನೋಡಿ.

ಮನೆಯ ಕಂಪ್ಯೂಟರುಗಳ ಪ್ರೋಗ್ರಾಂಗಳಲ್ಲಿ ಪ್ರತಿ ಅಂಶಕ್ಕೂ ಎರಡು ಅಂಕ ಕೊಡುವ ಪದ್ಧತಿ ಬೇರೂರಿತು: ಆಟದ ಮಧ್ಯಕ್ಕೊಂದು, ಕೊನೆಗೊಂದು. ಮಣೆಯ ಮೇಲೆ ಎಷ್ಟು ಕಾಯಿ ಉಳಿದಿವೆ ಎಂಬುದರ ಮೇಲೆ ಎರಡನ್ನೂ ಬೆರೆಸುತ್ತಾರೆ. ದಾರಿ ತೆರೆದ ಕಾಲಾಳಿಗೆ ಏಳನೇ ಸಾಲಿನಲ್ಲಿ ಸಿಗುವ ಅಂಕ ನಾಲ್ಕನೇ ಸಾಲಿನ ಅಂಕದ ಹಲವು ಪಟ್ಟು. ಅದರ ಮುಂದಿನ ಮನೆ ಖಾಲಿಯಿದೆಯೇ, ನಮ್ಮ ರಾಜ ಆ ಮನೆಗೆ ಎಷ್ಟು ದೂರ, ಎದುರಾಳಿಯ ರಾಜ ಎಷ್ಟು ದೂರ, ಹೀಗೆ ಒಂದೊಂದಕ್ಕೂ ಅಂಕ. 2008ರಲ್ಲಿ ಬಂದ, ಯಾರು ಬೇಕಾದರೂ ಮೂಲವನ್ನು ಓದಬಹುದಾದ ಸ್ಟಾಕ್‌ಫಿಷ್ ಪ್ರೋಗ್ರಾಂನಲ್ಲಿ ಕಾಲಾಳುಗಳಿಗೆಂದೇ ಪ್ರತ್ಯೇಕ ಕಡತವಿತ್ತು. ಒಂಟಿ, ಜೋಡಿ, ಹಿಂದುಳಿದ ಎಂಬ ಹಳೆಯ ಪದಗಳೆಲ್ಲ ಅದರಲ್ಲಿ ಹಾಗೆಯೇ ಇದ್ದವು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಕಡತವನ್ನು ಬಿಡುವಿನ ವೇಳೆ ಓದುತ್ತಿದ್ದೆ. ನಮ್ಮ ಶಾಲೆಯ ಆಟದ ಸಾಮಾನಿನ ಬೀರುವಿನಲ್ಲಿದ್ದ ಚೆಸ್ ಪೆಟ್ಟಿಗೆಯಲ್ಲಿ ಎರಡು ಕಾಲಾಳು ಕಳೆದುಹೋಗಿ ಅವುಗಳ ಜಾಗಕ್ಕೆ ಹುಣಸೆಬೀಜ ಇಟ್ಟು ಆಡಿದವನಿಗೆ, ಅಲ್ಲಿ ಕೇಳಿದ ಮಾತುಗಳೇ ಲೋಕದ ಅತ್ಯಂತ ಬಲಶಾಲಿ ಪ್ರೋಗ್ರಾಂನಲ್ಲಿ ಕೋಡ್ ಆಗಿರುವುದನ್ನು ನೋಡಿ ಖುಷಿಯಾಗುತ್ತಿತ್ತು.

ಅಷ್ಟಾದರೂ ನಿಯಮಗಳಿಗೆ ಮಿತಿಯಿತ್ತು. 1998ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ಟೊಪಲೋವ್ ಎದುರು ಶಿರೋವ್ ಆಡಿದ 47ನೇ ನಡೆ ಚದುರಂಗ ಲೋಕದಲ್ಲಿ ಪ್ರಸಿದ್ಧ. ಇಬ್ಬರಿಗೂ ಒಂದೊಂದು ಒಂಟೆ ಮತ್ತು ಕೆಲವು ಕಾಲಾಳು. ಶಿರೋವ್ ತಮ್ಮ ಒಂಟೆಯನ್ನು ಎದುರಾಳಿಯ ಕಾಲಾಳಿನ ಬಾಯಿಗೇ, ಎಚ್3 ಮನೆಗೆ, ಇಟ್ಟುಬಿಟ್ಟರು. ಮೂರು ಅಂಕದ ಕಾಯಿ ಹೋಯಿತು. ಸಿಕ್ಕಿದ್ದು ತಮ್ಮ ರಾಜ ನಡುಮಣೆಗೆ ನುಗ್ಗಲು ಬೇಕಾದ ಸಮಯ. ರಾಜನ ಬೆಂಬಲ ಸಿಕ್ಕ ಕಾಲಾಳುಗಳನ್ನು ಬಿಳಿಯ ಒಂಟೆ ತಡೆಯಲಾಗಲಿಲ್ಲ, ಆರೇ ನಡೆಯಲ್ಲಿ ಟೊಪಲೋವ್ ಸೋಲೊಪ್ಪಿದರು. ಆ ಕಾಲದ ಪ್ರೋಗ್ರಾಂಗಳಿಗೆ ಈ ನಡೆ ಹೊಳೆಯುವುದು ಬಹಳ ಕಷ್ಟವಾಗಿತ್ತು. ಒಂಟೆಗೆ 3, ಕಾಲಾಳಿಗೆ 1 ಎಂದು ಮೊದಲ ಪಾಠದಲ್ಲೇ ಕಲಿತ ಯಂತ್ರ ಅದನ್ನು ಮರೆಯುವುದು ಹೇಗೆ?

ನಿಯಮ ಅಳಿಸಿದ ಮೇಲೆ

2017ರ ಡಿಸೆಂಬರಿನಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಝೀರೊ ಸುದ್ದಿ ಬಂತು. ಅದಕ್ಕೆ ಆಟದ ನಿಯಮ ಬಿಟ್ಟು ಮತ್ತೇನೂ ಹೇಳಿಕೊಟ್ಟಿರಲಿಲ್ಲ. ಒಂಟಿ ಕಾಲಾಳು ದುರ್ಬಲ ಎಂದಾಗಲಿ, ರಾಣಿ ಆನೆಗಿಂತ ದೊಡ್ಡದು ಎಂದಾಗಲಿ ಯಾರೂ ಕಲಿಸಲಿಲ್ಲ. ತನ್ನೊಂದಿಗೆ ತಾನೇ 4 ಕೋಟಿ 40 ಲಕ್ಷ ಆಟಗಳನ್ನು ಆಡಿ ಕಲಿತು, ಸ್ಟಾಕ್‌ಫಿಷ್ ವಿರುದ್ಧ 100 ಆಟಗಳಲ್ಲಿ 28 ಗೆದ್ದು 72 ಸಮ ಮಾಡಿಕೊಂಡಿತು. ಒಂದನ್ನೂ ಸೋಲಲಿಲ್ಲ.

ಮರುವರ್ಷ ಜಪಾನಿನ ಯು ನಾಸು ತಮ್ಮ ದೇಶದ ಚದುರಂಗವಾದ ಶೋಗಿಗಾಗಿ ಸಾಮಾನ್ಯ ಕಂಪ್ಯೂಟರಿನಲ್ಲೂ ವೇಗವಾಗಿ ನಡೆಯುವ ಚಿಕ್ಕ ನರಜಾಲವನ್ನು ರೂಪಿಸಿದರು. ಅದೇ ವಿಧಾನ 2020ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಫಿಷ್ 12ರೊಳಗೆ ಬಂತು. ಅದರ ಒಳಗಿನ ಏರ್ಪಾಡು ಗಮನಿಸತಕ್ಕದ್ದು. ಒಂದು ಮನೆಯಲ್ಲಿರುವ ಕಾಲಾಳಿಗೆ ಒಂದೇ ಬೆಲೆ ಎಂದು ಅದು ಭಾವಿಸುವುದಿಲ್ಲ. ರಾಜ ಇರಬಹುದಾದ 64 ಮನೆಗಳಲ್ಲಿ ಪ್ರತಿಯೊಂದಕ್ಕೂ, ಉಳಿದ ಕಾಯಿಗಳು ಇರಬಹುದಾದ 640 ಬಗೆಗಳಿಗೆ ಬೇರೆ ಬೇರೆ ಸಂಖ್ಯೆಗಳು: ಒಟ್ಟು 40,960 ಜೋಡಿಗಳು. ಕಾಲಾಳಿನ ಬೆಲೆ ಎಷ್ಟು ಎಂದರೆ, ರಾಜ ಎಲ್ಲಿದ್ದಾನೆ ಎಂದು ಮರುಪ್ರಶ್ನೆ ಹಾಕುವ ಏರ್ಪಾಡು ಇದು. ರೇಟಿಯ ಸಮಸ್ಯೆ ಹೇಳಿದ್ದೂ ಇದನ್ನೇ.

ಕೆಲವು ವರ್ಷ ಹಳೆಯ ನಿಯಮಗಳೂ ಹೊಸ ಜಾಲವೂ ಒಟ್ಟಿಗಿದ್ದವು. 2023ರಲ್ಲಿ ಕೈಯಿಂದ ಬರೆದ ಮೌಲ್ಯಮಾಪನವನ್ನು ಪೂರ್ತಿ ತೆಗೆದುಹಾಕಿದರು. 2024ರ ಫೆಬ್ರವರಿಯಲ್ಲಿ ಬಂದ 16.1ರ ಆವೃತ್ತಿಯಿಂದ ಅದು ಇಲ್ಲ. ನಾನು ಓದುತ್ತಿದ್ದ ಕಾಲಾಳುಗಳ ಕಡತವೂ ಹೋಯಿತು. ಪ್ರೋಗ್ರಾಂ ದುರ್ಬಲವಾಗಲಿಲ್ಲ. ಶಾನನ್ನರಿಂದ ಬಂದ ಪದಗಳಿಲ್ಲದೆಯೇ ಆಟ ಇನ್ನೂ ಬಲವಾಯಿತು.

ಇಲ್ಲಿ ಕಳೆದದ್ದೇನೆಂದು ಕೇಳಿಕೊಳ್ಳಬೇಕು. ಹಳೆಯ ಪ್ರೋಗ್ರಾಂ 'ಬಿಳಿಗೆ 0.8 ಹೆಚ್ಚು' ಎಂದಾಗ ಯಾಕೆ ಎಂದು ಕೇಳಬಹುದಿತ್ತು. ಜೋಡಿ ಕಾಲಾಳಿಗೆ ಇಷ್ಟು, ತೆರೆದ ದಾರಿಗೆ ಇಷ್ಟು ಎಂದು ಅಂಗಡಿಯ ಚೀಟಿಯಂತೆ ಬಿಡಿಸಿ ಹೇಳುತ್ತಿತ್ತು. ಹೊಸದು ಹೆಚ್ಚು ಸರಿಯಾದ ಸಂಖ್ಯೆ ಕೊಡುತ್ತದೆ, ಚೀಟಿ ಕೊಡುವುದಿಲ್ಲ. ಆಟದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಇಂಥದೇ ವಿಧಾನಗಳು ಇಂದು ಸಾಲದ ಅರ್ಜಿಗೂ ಕೆಲಸದ ಅರ್ಜಿಗೂ ಅಂಕ ಹಾಕುತ್ತಿವೆ. ಅರ್ಜಿ ಹಾಕಿದವನಿಗೆ ಅಂಕ ಕಡಿಮೆ ಬಂದರೆ 'ಯಾಕೆ?' ಎಂದು ಕೇಳುವ ಹಕ್ಕಿದೆ. ಉತ್ತರ ಪತ್ರಿಕೆಯ ನಕಲು ತರಿಸಿಕೊಂಡು ಮರುಮೌಲ್ಯಮಾಪನಕ್ಕೆ ಹಾಕುವ ನಮ್ಮ ಮಕ್ಕಳಿಗೆ ಆ ಹಕ್ಕಿನ ಬೆಲೆ ಚೆನ್ನಾಗಿ ಗೊತ್ತು. ಚೀಟಿ ಇಲ್ಲದ ಅಂಕವನ್ನು ಒಪ್ಪಿಕೊಳ್ಳುವ ಅಭ್ಯಾಸ ನಮಗೆ ಆಗಬಾರದು ಎಂಬುದು ಇದೇ ವೃತ್ತಿಯಲ್ಲಿರುವ ನನ್ನ ಅಭಿಪ್ರಾಯ.

ಇತಿಹಾಸ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಡೀಪ್‌ಮೈಂಡಿನವರು, ಮಾಜಿ ವಿಶ್ವ ಚಾಂಪಿಯನ್ ವ್ಲಾಡಿಮಿರ್ ಕ್ರಾಮ್ನಿಕ್ ಜೊತೆ ಸೇರಿ, ಆಲ್ಫಾಝೀರೊದ ನರಜಾಲದೊಳಗೆ ಮನುಷ್ಯರ ಕಲ್ಪನೆಗಳು ಎಲ್ಲಾದರೂ ಇವೆಯೇ ಎಂದು ಹುಡುಕಿದರು. ಹುಡುಕಲು ಅಳತೆಗೋಲಾಗಿ ಅವರು ಬಳಸಿದ್ದು ಸ್ಟಾಕ್‌ಫಿಷ್ 8ರ ಕೈಬರಹದ ಮೌಲ್ಯಮಾಪನವನ್ನು. ಯಾರೂ ಕಲಿಸದಿದ್ದರೂ ಆ ಕಲ್ಪನೆಗಳಲ್ಲಿ ಅನೇಕವನ್ನು ಜಾಲದೊಳಗಿನ ಸಂಖ್ಯೆಗಳಿಂದ ಓದಿ ತೆಗೆಯಬಹುದೆಂದು ತಿಳಿಯಿತು. ಆಡಲು ಬೇಡವಾದ ಹಳೆಯ ನಿಯಮಗಳು, ಆಡುವ ಯಂತ್ರವನ್ನು ಅರ್ಥಮಾಡಿಕೊಳ್ಳಲು ನಿಘಂಟಾಗಿ ಒದಗಿದವು. ಪದಗಳನ್ನು ಕಾಪಾಡಿಕೊಂಡವರಿಗೆ ಅವು ಒಂದಲ್ಲ ಒಂದು ದಿನ ಕೆಲಸಕ್ಕೆ ಬರುತ್ತವೆ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ

ಈಗ ಟ್ಯೂರಿಂಗರ 0.2ಕ್ಕೆ ಬರೋಣ. ಬಿಳಿ ರಾಜನನ್ನು ಇ4ರಲ್ಲಿ, ಬಿಳಿ ಕಾಲಾಳನ್ನು ಇ3ರಲ್ಲಿ, ಕಪ್ಪು ರಾಜನನ್ನು ಇ6ರಲ್ಲಿ ಇಡಿ. ನಡೆ ಬಿಳಿಯದು. ಎಷ್ಟೇ ಪ್ರಯತ್ನಿಸಿದರೂ, ಕಪ್ಪು ಸರಿಯಾಗಿ ಆಡಿದರೆ, ಆಟ ಸಮ. ಈಗ ಕಾಲಾಳನ್ನು ಒಂದು ಮನೆ ಹಿಂದಕ್ಕೆ, ಇ2ಕ್ಕೆ, ಇಟ್ಟು ನೋಡಿ. ಟ್ಯೂರಿಂಗರ ಲೆಕ್ಕದಲ್ಲಿ ಬಿಳಿಗೆ 0.2 ನಷ್ಟ. ಆದರೆ ಈ ಸ್ಥಿತಿಯಲ್ಲಿ ಬಿಳಿ ಗೆಲ್ಲುತ್ತದೆ! ಕಾಲಾಳನ್ನು ಇ3ಕ್ಕೆ ನಡೆಸಿದರೆ ಅದೇ ಹಿಂದಿನ ಸ್ಥಿತಿ ಬರುತ್ತದೆ, ಆದರೆ ನಡೆ ಕಪ್ಪಿನದು. ಎದುರುಬದುರು ನಿಂತ ರಾಜರಲ್ಲಿ ಮೊದಲು ಸರಿಯಬೇಕಾದವನು ದಾರಿ ಬಿಟ್ಟುಕೊಡುತ್ತಾನೆ. ಕೈಯಲ್ಲಿ ಉಳಿಸಿಕೊಂಡ ಆ ಒಂದು ಹೆಜ್ಜೆಯೇ ಇಡೀ ಆಟದ ಬಂಡವಾಳ.

ಈಗ ಎಲ್ಲರ ಮನೆಯ ಮೊಬೈಲಿನಲ್ಲೂ ಸ್ಟಾಕ್‌ಫಿಷ್ ಸಿಗುತ್ತದೆ, ಕ್ಷಣಾರ್ಧದಲ್ಲಿ ಉತ್ತರ ಹೇಳುತ್ತದೆ. ಅದನ್ನು ಕೇಳುವ ಮೊದಲು ಇಬ್ಬರು ಸ್ನೇಹಿತರು ಎದುರುಬದುರು ಕೂತು, ಈ ಮೂರೇ ಕಾಯಿಗಳನ್ನು ಇಟ್ಟುಕೊಂಡು, ಎರಡೂ ಸ್ಥಿತಿಗಳನ್ನು ಕೊನೆಯ ತನಕ ಆಡಿ ನೋಡಿ. ಒಮ್ಮೆ ಬಿಳಿ, ಒಮ್ಮೆ ಕಪ್ಪು ಬದಲಾಯಿಸಿಕೊಳ್ಳಿ. ಆಮೇಲೆ ಯಾಕೆ ಹೀಗಾಯಿತೆಂದು ಎಂಟನೇ ತರಗತಿಯ ತಮ್ಮನಿಗೋ ತಂಗಿಗೋ ಬಾಯಿಬಿಟ್ಟು ವಿವರಿಸಿ. ಕಾಲಾಳು ಕಳೆದುಹೋಗಿದ್ದರೆ ಹುಣಸೆಬೀಜ ಸಾಕು.

ಐವತ್ತು ವರ್ಷ 'ಯಾಕೆ' ಎಂದು ಕೇಳಲು ಮಕ್ಕಳಿಗೆ ಕಲಿಸಿದ ಶಾಲೆಗೂ, ಕೇಳಿದಾಗ ಬೇಸರಿಸದೆ ಉತ್ತರ ಹೇಳಿದ ಗುರುಗಳಿಗೂ ನನ್ನ ನಮಸ್ಕಾರಗಳು.